ರೊಕ್ಕ ಹೋಗ್ತೈತೋ ಇಲ್ಲೋ: ಒಂದು ಸಹಕಾರಿ ಬ್ಯಾಂಕಿನ ಪೆನ್‌ಟೆಸ್ಟ್

ಪೆನ್‌ಟೆಸ್ಟ್ ಎಂದರೆ ಮಾಲೀಕರ ಒಪ್ಪಿಗೆ ಪಡೆದೇ ಅವರ ಕಂಪ್ಯೂಟರುಗಳಿಗೆ ಕಳ್ಳರಂತೆ ನುಗ್ಗಿ ದೋಷ ಹುಡುಕುವುದು. ನಮ್ಮ ಈ ಕೆಲಸದಲ್ಲಿ ಕಂಪ್ಯೂಟರಿಗಿಂತ ಮೊದಲು ಬರುವುದು ಕಾಗದ. ಯಾವ ಐಪಿ ವಿಳಾಸಗಳನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಎಂದಿನಿಂದ ಎಂದಿನವರೆಗೆ, ದಿನದ ಯಾವ ಹೊತ್ತಿನಲ್ಲಿ, ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಇಷ್ಟೂ ಬರೆದು ಅಧಿಕಾರವಿರುವವರು ಸಹಿ ಹಾಕಿ ಮೊಹರು ಒತ್ತಿದ ಪತ್ರ ಕೈಗೆ ಬರುವ ತನಕ ನಾನು ಒಂದು ಪಿಂಗ್ ಕೂಡ ಕಳಿಸುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಹೊಗುವುದನ್ನು ತಪ್ಪೆನ್ನುತ್ತದೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಂ ಪ್ರಕಾರ 3 ವರ್ಷದ ತನಕ ಜೈಲು, ಇಲ್ಲವೇ 5 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ನನ್ನ ಉದ್ದೇಶ ಒಳ್ಳೆಯದಿತ್ತು ಎಂದು ಆಮೇಲೆ ಪೊಲೀಸ್ ಠಾಣೆಯಲ್ಲಿ ವಿವರಿಸುವುದಕ್ಕಿಂತ ಮೊದಲೇ ಪತ್ರ ತೋರಿಸುವುದು ಸುಲಭ.

ಪತ್ರ ಇದ್ದರೂ ಸಾಲದು ಎನ್ನುವುದಕ್ಕೆ ಅಮೆರಿಕದ ಅಯೋವಾದಲ್ಲಿ 2019ರ ಸೆಪ್ಟೆಂಬರಿನಲ್ಲಿ ನಡೆದದ್ದನ್ನು ನಮ್ಮ ವೃತ್ತಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಕೋಲ್‌ಫೈರ್ ಕಂಪನಿಯ ಇಬ್ಬರು ಪರೀಕ್ಷಕರು ರಾಜ್ಯದ ನ್ಯಾಯಾಂಗ ಆಡಳಿತದ ಒಪ್ಪಂದದ ಮೇಲೆ ಡಲ್ಲಾಸ್ ಕೌಂಟಿಯ ಕೋರ್ಟ್ ಕಟ್ಟಡವನ್ನು ರಾತ್ರಿ ಹೊಕ್ಕರು. ಅಲಾರಂ ಹೊಡೆಯಿತು, ಪೊಲೀಸರು ಬಂದರು, ಇವರು ಪತ್ರ ತೋರಿಸಿದರು. ಕಟ್ಟಡ ಕೌಂಟಿಯದು, ಒಪ್ಪಂದ ರಾಜ್ಯದ್ದು ಎಂಬ ಜಗಳದಲ್ಲಿ ಇಬ್ಬರೂ ಜೈಲು ಕಂಡರು. ಕೇಸು ಕೈಬಿಟ್ಟದ್ದು 2020ರ ಜನವರಿಯಲ್ಲಿ. ಅದಕ್ಕೇ ನಾನು ಪ್ರತಿಯೊಂದು ಸರ್ವರ್ ಮುಂದೆಯೂ ಮೊದಲು ಕೇಳುವ ಪ್ರಶ್ನೆ, ಇದು ಯಾರದ್ದು?

ಸಹಕಾರಿ ಬ್ಯಾಂಕುಗಳಲ್ಲಿ ಈ ಪ್ರಶ್ನೆಗೆ ಉತ್ತರ ನೇರವಾಗಿ ಸಿಗುವುದಿಲ್ಲ. ಉತ್ತರ ಕರ್ನಾಟಕದ ಒಂದು ಪಟ್ಟಣ ಸಹಕಾರಿ ಬ್ಯಾಂಕಿನ ಪರೀಕ್ಷೆಗೆ ನಾನು ಮುಂದಾಳಾಗಿ ಹೋಗಿದ್ದೆ. ಗೋಪ್ಯತೆಯ ಕರಾರಿಗೆ ಸಹಿ ಮಾಡಿರುವುದರಿಂದ ಊರು, ಹೆಸರು ಹೇಳುವುದಿಲ್ಲ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅಲ್ಲಿಯ ಕೋರ್ ಬ್ಯಾಂಕಿಂಗ್, ಅಂದರೆ ಖಾತೆಗಳ ಲೆಕ್ಕ ಇಡುವ ಮುಖ್ಯ ವ್ಯವಸ್ಥೆ, ಬ್ಯಾಂಕಿನ ಕಟ್ಟಡದಲ್ಲೇ ಇರಲಿಲ್ಲ. ಅದು ಬೇರೊಂದು ರಾಜ್ಯದಲ್ಲಿ, ಸಾಫ್ಟ್‌ವೇರ್ ಪೂರೈಸುವ ವೆಂಡರ್‌ನ ಡೇಟಾ ಸೆಂಟರಿನಲ್ಲಿತ್ತು, ಇದೇ ವೆಂಡರ್ ಇನ್ನೂ ಹಲವು ಬ್ಯಾಂಕುಗಳನ್ನು ಅಲ್ಲಿಂದಲೇ ನಡೆಸುತ್ತಿದ್ದ. ಅದನ್ನು ಮುಟ್ಟಲು ಈ ಬ್ಯಾಂಕು ಅನುಮತಿ ಕೊಟ್ಟರೂ ಅನುಮತಿ ಆಗದು. ಹಾಗಾಗಿ ನಮಗೆ ಸಿಕ್ಕಿದ್ದು ಪ್ರಧಾನ ಕಚೇರಿಯ ಒಳಗಿನ ನೆಟ್‌ವರ್ಕ್, ಇಂಟರ್ನೆಟ್‌ಗೆ ತೆರೆದಿದ್ದ ಕೆಲವು ಐಪಿಗಳು, ಸದಸ್ಯರು ಸಾಲದ ಲೆಕ್ಕ ನೋಡಿಕೊಳ್ಳುವ ಒಂದು ಪೋರ್ಟಲ್.

ಇಂಥ ಬ್ಯಾಂಕುಗಳು ನಮ್ಮನ್ನು ಕರೆಯುವುದು ಪ್ರೀತಿಯಿಂದಲ್ಲ. ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ 2016ರ ಜೂನ್‌ನಲ್ಲಿ ಸೈಬರ್ ಭದ್ರತೆಯ ಚೌಕಟ್ಟು ಹಾಕಿಕೊಟ್ಟಿತು. ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ 2018ರ ಅಕ್ಟೋಬರಿನಲ್ಲಿ ಮೂಲ ನಿಯಮಗಳು ಬಂದವು, 2019ರ ಡಿಸೆಂಬರ್ 31ರಂದು ನಾಲ್ಕು ಹಂತಗಳ ವಿಸ್ತೃತ ನಿಯಮಗಳು ಬಂದವು. ಅಂದಿನಿಂದ 'ವಿಎಪಿಟಿ (ದೋಷಗಳ ಹುಡುಕಾಟ ಮತ್ತು ಪೆನ್‌ಟೆಸ್ಟ್) ಮಾಡ್ಸಬೇಕು' ಎನ್ನುವುದು ಆಡಿಟ್ ಪಟ್ಟಿಯಲ್ಲಿ ಒಂದು ಸಾಲು. ಆ ಸಾಲಿಗೆ ಟಿಕ್ ಬೀಳಬೇಕು, ಕಡಿಮೆ ದರಕ್ಕೆ ಬೀಳಬೇಕು. ಮಾರುಕಟ್ಟೆಯಲ್ಲಿ ಸ್ಕ್ಯಾನರ್ ಓಡಿಸಿ, ಬಂದ ಪಿಡಿಎಫ್‌ಗೆ ತಮ್ಮ ಲೋಗೋ ಅಂಟಿಸಿ ಕೊಡುವವರು ಬೇಕಾದಷ್ಟಿದ್ದಾರೆ. ಅವರ ದರಕ್ಕೆ ನಮ್ಮ ಸೇಲ್ಸ್‌ನವರು ಇಳಿಯಲು ಹೋದಾಗಲೆಲ್ಲ ತಡೆಯುವುದು ನನ್ನ ಹುದ್ದೆಯ ಒಂದು ಭಾಗ, ಮತ್ತು ಅದರಲ್ಲಿ ನಾನು ಯಾವಾಗಲೂ ಗೆಲ್ಲುವುದಿಲ್ಲ.

ಕೆಲಸ ಶುರುವಾಗುವ ಮುನ್ನದ ಕರೆಯಲ್ಲಿ ಬ್ಯಾಂಕಿನ ಐಟಿ ಮ್ಯಾನೇಜರ್ ಮಾತ್ರ ಇದ್ದರು. ಮ್ಯಾನೇಜರ್ ಎಂದರೆ ವಿಭಾಗಕ್ಕೆ ಅವರೊಬ್ಬರೇ. ಕ್ಲರ್ಕ್ ಆಗಿ ಸೇರಿದವರು, ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ 'ಇವನಿಗೆ ತಿಳಿಯುತ್ತೆ' ಎಂದು ಕೂರಿಸಿದ್ದರು, ಅಲ್ಲಿಂದ ಎದ್ದಿಲ್ಲ. ಎಷ್ಟು ಮಷೀನುಗಳಿವೆ, ಡೇ ಎಂಡ್ ಎಷ್ಟು ಗಂಟೆಗೆ, ತಿಂಗಳ ಕೊನೆಯ ಗಡಿಬಿಡಿ ಯಾವತ್ತು ಎಂದೆಲ್ಲ ಕೇಳಿದ ಮೇಲೆ, ನಾನು ಎಲ್ಲ ಕಡೆ ಕೇಳುವ ಇನ್ನೊಂದು ಪ್ರಶ್ನೆ ಕೇಳಿದೆ.

"ಸರ್, ಒಂದು ಸಲ ಆಫ್ ಆದ್ರೆ ಮತ್ತೆ ಏಳುತ್ತೋ ಇಲ್ಲವೋ ಅಂತ ನಿಮಗೇ ಭಯ ಇರೋ ಮಷೀನ್ ಯಾವುದು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಂದಲ್ರಿ ಮೇಡಂರ, ಮೂರು ಅದಾವ್ರಿ."

ಆ ಮೂರರ ಐಪಿಯನ್ನು ನಾನು ಪಟ್ಟಿಯಲ್ಲಿ ಕೆಂಪು ಮಾಡಿಟ್ಟುಕೊಂಡೆ. ಯಾವ ಸ್ಕ್ಯಾನರೂ ಕೊಡದ ಮಾಹಿತಿ ಅದು.

ನಮಗೆ ಕೂರಲು ಕೊಟ್ಟದ್ದು ರೆಕಾರ್ಡ್ ರೂಮ್. ಹಳೆಯ ಲೆಡ್ಜರುಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಸೂರಿನ ತನಕ ಪೇರಿಸಿದ್ದರು, ಒಂದು ಮೂಲೆಯಲ್ಲಿ ಯುಪಿಎಸ್ ಗುಂಯ್‌ಗುಡುತ್ತಿತ್ತು. ನನ್ನ ಜೊತೆ ನಮ್ಮ ತಂಡದ ಕಿರಿಯ ಹುಡುಗನೊಬ್ಬ ಬಂದಿದ್ದ, ಮಂಡ್ಯದವನು, ಚುರುಕು, ಒಎಸ್‌ಸಿಪಿ ಎಂಬ ಪೆನ್‌ಟೆಸ್ಟಿಂಗ್ ಪರೀಕ್ಷೆ ಪಾಸಾಗಿ ಹೆಚ್ಚು ಕಾಲವಾಗಿರಲಿಲ್ಲ. 23 ಗಂಟೆ 45 ನಿಮಿಷದ ಆ ಪರೀಕ್ಷೆ ಮುಗಿಸಿದವರಿಗೆ ಸ್ವಲ್ಪ ಕಾಲ ಲೋಕದ ಮಷೀನುಗಳೆಲ್ಲ ತಮಗಾಗಿಯೇ ಕಾದು ಕೂತಿರುವಂತೆ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು. ಲ್ಯಾನ್ ಪಾಯಿಂಟಿಗೆ ಕೇಬಲ್ ಚುಚ್ಚಿದ ಕೂಡಲೇ, ನೆಟ್‌ವರ್ಕಿನ ಮಷೀನುಗಳನ್ನೆಲ್ಲ ತಟ್ಟಿ ನೋಡುವ ಎನ್‌ಮ್ಯಾಪ್ ಓಡಿಸಲು ಹೊರಟವನನ್ನು ತಡೆದು, ಬೆಳಗಿನ ಹೊತ್ತು ಬರೀ ಕೇಳಿಸಿಕೊಳ್ಳೋಣ ಎಂದೆ.

ಕೇಳಿಸಿಕೊಳ್ಳಲು ಬೇಕಾದಷ್ಟಿತ್ತು. ವಿಂಡೋಸ್ ಮಷೀನಿಗೆ ಯಾವುದೋ ಹೆಸರಿನ ಸರ್ವರ್ ಬೇಕಾದಾಗ ಅದು ಮೊದಲು ಹೆಸರುಗಳ ವಿಳಾಸ ಹೇಳುವ ಡಿಎನ್‌ಎಸ್‌ಗೆ ಕೇಳುತ್ತದೆ. ಗೊತ್ತಿಲ್ಲ ಎಂಬ ಉತ್ತರ ಬಂದರೆ ಎಲ್‌ಎಲ್‌ಎಂಎನ್‌ಆರ್ ಎಂಬ ಹಳೆಯ ಏರ್ಪಾಡಿನಲ್ಲಿ ಅಕ್ಕಪಕ್ಕದ ಮಷೀನುಗಳನ್ನೆಲ್ಲ ಕೂಗಿ ವಿಚಾರಿಸುತ್ತದೆ. ಯಾರು ಬೇಕಾದರೂ 'ನಾನೇ ಅದು' ಎನ್ನಬಹುದು. ನಂಬಿದ ಮಷೀನು ಬಳಕೆದಾರರ ಹೆಸರನ್ನೂ, ಅವರ ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ, ನಾವು ಹ್ಯಾಶ್ ಎನ್ನುವ ಒಂದು ಉತ್ತರವನ್ನೂ ಕೊಟ್ಟುಬಿಡುತ್ತದೆ. ಈ ಬ್ಯಾಂಕಿನಲ್ಲಿ ಎಂದೋ ತೆಗೆದುಹಾಕಿದ ಫೈಲ್ ಸರ್ವರ್ ಒಂದಿತ್ತು. ಸರ್ವರ್ ಹೋಗಿದ್ದರೂ ಹತ್ತಾರು ಪಿಸಿಗಳಲ್ಲಿ ಅದರ ಡ್ರೈವ್ ಮ್ಯಾಪಿಂಗ್ ಹಾಗೇ ಉಳಿದಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಸಿಬ್ಬಂದಿ ಬಂದು ಪಿಸಿ ಹಾಕಿದಂತೆಲ್ಲ ಒಂದೊಂದೂ ಇಲ್ಲದ ಸರ್ವರನ್ನು ಹೆಸರಿಟ್ಟು ಕರೆಯತೊಡಗಿತು. ರೆಸ್ಪಾಂಡರ್ ಎಂಬ ಉಪಕರಣವನ್ನು ಮೊದಲು ನೋಡುವ ಸ್ಥಿತಿಯಲ್ಲಿಟ್ಟು, ಕೆಂಪು ಗುರುತಿನ ಮೂರು ಮಷೀನುಗಳನ್ನು ಬಿಟ್ಟು, ಆಮೇಲೆ ಉತ್ತರಿಸಲು ಬಿಟ್ಟೆವು. ಊಟದ ಹೊತ್ತಿಗೆ ಪಾಸ್‌ವರ್ಡ್ ಹ್ಯಾಶುಗಳು ಸಾಕಷ್ಟು ಬಿದ್ದಿದ್ದವು.

ಹ್ಯಾಶ್ ಒಡೆಯುವ ಮಷೀನು ನಮ್ಮ ಬೆಂಗಳೂರು ಕಚೇರಿಯಲ್ಲಿದೆ, ಆದರೆ ಬ್ಯಾಂಕಿನ ಯಾವ ಗುಟ್ಟೂ ಕಟ್ಟಡ ಬಿಟ್ಟು ಹೋಗಬಾರದು ಎಂದು ನಾನೇ ಕರಾರಿನಲ್ಲಿ ಬರೆಸಿದ್ದೆ. ಲ್ಯಾಪ್‌ಟಾಪಿನ ಬಲದಲ್ಲೇ, ಪಟ್ಟಿಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ಹ್ಯಾಶ್‌ಗೆ ಹೊಂದುತ್ತದೋ ಎಂದು ನೋಡುವ ಹ್ಯಾಶ್‌ಕ್ಯಾಟ್ ಓಡಿಸಿದೆವು. ಇಲ್ಲಿ ನನ್ನದೊಂದು ಸಣ್ಣ ಹೆಮ್ಮೆ ಹೇಳಿಕೊಳ್ಳುತ್ತೇನೆ. ಲೋಕವೆಲ್ಲ ಬಳಸುವುದು 2009ರಲ್ಲಿ ಸೋರಿದ ರಾಕ್‌ಯೂ ಪಟ್ಟಿ, ಅದರಲ್ಲಿ 1.4 ಕೋಟಿ ಪಾಸ್‌ವರ್ಡುಗಳಿವೆ. ಅದು ನಮ್ಮ ಕಡೆ ಅಷ್ಟು ಫಲ ಕೊಡುವುದಿಲ್ಲ. ವರ್ಷಗಟ್ಟಲೆ ನಾನೊಂದು ಕರ್ನಾಟಕದ ಪಟ್ಟಿ ಕಟ್ಟಿಕೊಂಡಿದ್ದೇನೆ. ಮನೆದೇವರುಗಳು, ತಾಲೂಕುಗಳು, ನದಿಗಳು, ಸಿನಿಮಾ ನಟರು, ಹೆಣ್ಣುಮಕ್ಕಳ ಹೆಸರುಗಳು. ಲಕ್ಷ್ಮಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜನ ಬರೆಯುವ ಎಲ್ಲ ಬಗೆಗಳೂ ಅದರಲ್ಲಿವೆ. ಒಂದೊಂದರ ಹಿಂದೆ @ ಮತ್ತು ಇಸವಿ, ಇಲ್ಲವೇ @ ಮತ್ತು 123. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ, ಎಂಟಕ್ಕಿಂತ ಹೆಚ್ಚು ಅಕ್ಷರ, ಎಲ್ಲ ನಿಯಮಗಳನ್ನೂ ಪಾಲಿಸುವ ಪಾಸ್‌ವರ್ಡುಗಳು ಇವು. ಚಹಾ ಬರುವ ಮುಂಚೆ ಮೊದಲನೆಯದು ಒಡೆಯಿತು. ಊರ ದೇವರ ಹೆಸರು, ಹಿಂದೆ ಇಸವಿ.

ಅಷ್ಟರಲ್ಲಿ ನಮ್ಮನ್ನೂ ಒಬ್ಬರು ಹಿಡಿದಿದ್ದರು. ಸಾಲ ವಿಭಾಗದ ಕ್ಲರ್ಕ್ ಒಬ್ಬರು, ಬೇಡದ ಹೊತ್ತಿನಲ್ಲಿ ಪಾಸ್‌ವರ್ಡ್ ಕೇಳುವ ಕಿಟಕಿ ಎದ್ದಿತೆಂದು ಐಟಿಗೆ ಫೋನ್ ಮಾಡಿ, "ನಾ ಏನೂ ಒತ್ತಿಲ್ರೀ, ಹಾಕ್ಲೋ ಬ್ಯಾಡೋ?" ಎಂದು ಕೇಳಿದ್ದರು. ಆ್ಯಂಟಿವೈರಸ್ ಸುಮ್ಮನಿತ್ತು, ಫೈರ್‌ವಾಲ್ ಸುಮ್ಮನಿತ್ತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಗಮನಕ್ಕೆ ತರುವ ಏರ್ಪಾಡು ಅಂತ ಆ ಕಟ್ಟಡದಲ್ಲಿ ಇದ್ದದ್ದು ಆ ಕ್ಲರ್ಕಮ್ಮ ಒಬ್ಬರೇ. ವರದಿಯಲ್ಲಿ 'ಚೆನ್ನಾಗಿ ನಡೆದದ್ದು' ಎಂಬ ತಲೆಬರಹದ ಕೆಳಗೆ ಅವರ ಫೋನ್ ಕರೆಯನ್ನು ಬರೆದೆ, ಹೆಸರು ಹಾಕದೆ.

ಮುಂದಿನದು ಪಟಪಟನೆ ಆಯಿತು, ಇಂಥ ನೆಟ್‌ವರ್ಕುಗಳಲ್ಲಿ ಹೀಗೇ ಆಗುತ್ತದೆ. ಒಬ್ಬ ಸಾಮಾನ್ಯ ಬಳಕೆದಾರರಾಗಿ ಒಳಗೆ ಬಂದು ಯಾರಿಗೆ ಯಾವ ಅಧಿಕಾರವಿದೆ ಎಂದು ತೋರಿಸುವ ಬ್ಲಡ್‌ಹೌಂಡ್‌ನಲ್ಲಿ ನಕ್ಷೆ ಬಿಡಿಸಿ ನೋಡಿದರೆ, ಬ್ಯಾಕಪ್ ಸಾಫ್ಟ್‌ವೇರಿಗೆಂದು ಮಾಡಿದ್ದ ಸರ್ವಿಸ್ ಅಕೌಂಟ್ ಡೊಮೇನ್ ಅಡ್ಮಿನ್ ಗುಂಪಿನಲ್ಲಿ, ಅಂದರೆ ಇಡೀ ನೆಟ್‌ವರ್ಕಿನ ಮೇಲೆ ಅಧಿಕಾರವಿರುವವರ ಗುಂಪಿನಲ್ಲಿ, ಕೂತಿತ್ತು. ಬಳಕೆದಾರರ, ಮಷೀನುಗಳ ಪಟ್ಟಿ ಇಡುವ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಯಾವ ಬಳಕೆದಾರರು ಬೇಕಾದರೂ ಇಂಥ ಅಕೌಂಟಿನ ಹೆಸರಿನಲ್ಲಿ ಒಂದು ಟಿಕೆಟ್ ಕೇಳಬಹುದು, ಆ ಟಿಕೆಟ್ ಆ ಅಕೌಂಟಿನ ಪಾಸ್‌ವರ್ಡಿನಿಂದಲೇ ಬೀಗ ಹಾಕಿ ಬರುತ್ತದೆ, ಬೀಗವನ್ನು ಮನೆಗೆ ತಂದು ಬಿಡುವಾಗಿ ಒಡೆಯಬಹುದು. ಕರ್ಬರೋಸ್ಟಿಂಗ್ ಎಂಬ ಈ ದಾರಿಯನ್ನು ಟಿಮ್ ಮೆಡಿನ್ 2014ರಲ್ಲಿ ಲೋಕಕ್ಕೆ ತೋರಿಸಿದ. ನಮ್ಮ ಬ್ಯಾಕಪ್ ಅಕೌಂಟಿನ ಪಾಸ್‌ವರ್ಡ್ ಕೊನೆಯ ಸಲ ಬದಲಾದದ್ದೂ ಅದೇ ವರ್ಷ. ವೆಂಡರ್‌ನ ಉತ್ಪನ್ನದ ಹೆಸರು, ಹಿಂದೆ 123.

ಡೊಮೇನ್ ಅಡ್ಮಿನ್ ಆದ ಕೂಡಲೇ ಹುಡುಗ ಕುರ್ಚಿಯಿಂದ ಎದ್ದು ನಿಂತ. ನಾನು ಕೂತೇ ಇದ್ದೆ. ಈ ಹಂತದಲ್ಲಿ ಇಡೀ ಡೈರೆಕ್ಟರಿಯ ಹ್ಯಾಶುಗಳನ್ನು ಎತ್ತಿಕೊಳ್ಳುವುದು ಹಲವು ತಂಡಗಳ ರೂಢಿ. ಶೇಕಡಾ ಇಷ್ಟು ಪಾಸ್‌ವರ್ಡ್ ಒಡೆದೆವು ಎಂದು ಚೆಂದದ ಚಾರ್ಟ್ ಹಾಕಬಹುದು. ಆದರೆ ಬ್ಯಾಂಕಿನ ಪ್ರತಿಯೊಬ್ಬ ನೌಕರರ ಕೀಲಿಯೂ ನನ್ನ ಲ್ಯಾಪ್‌ಟಾಪಿಗೆ ಬಂದ ಮೇಲೆ ಆ ಲ್ಯಾಪ್‌ಟಾಪು ಕಳೆದರೆ? ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಕಿತ್ತುಕೊಂಡು ಹೋದರೆ? ಗುಂಪಿನ ಸದಸ್ಯತ್ವದ ಒಂದು ಸ್ಕ್ರೀನ್‌ಶಾಟ್, ಆ ಡೈರೆಕ್ಟರಿ ಇರುವ ಸರ್ವರ್, ಡೊಮೇನ್ ಕಂಟ್ರೋಲರಿನ ಡ್ರೈವ್ ತೆರೆದ ಒಂದು ಸ್ಕ್ರೀನ್‌ಶಾಟ್, ಅಷ್ಟೇ ಸಾಕೆಂದು ಐಟಿ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಇಂಥದ್ದನ್ನು ವರದಿ ಬರುವ ತನಕ ಇಟ್ಟುಕೊಳ್ಳುವಂತಿಲ್ಲ.

ಅವರು ಬಂದರು, ಪರದೆ ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. "ಇದನ್ನ ಜಿ.ಎಂ. ಸಾಹೇಬ್ರಿಗೆ ಈಗ ಹೇಳ್ತೀರೇನ್ರಿ? ನಂದ ತಲಿ ಹೋಗ್ತೈತ್ರಿ ಮೇಡಂರ." ಆಮೇಲೆ ತಮ್ಮ ಕೋಣೆಗೆ ಹೋಗಿ ಒಂದು ಹಳೆಯ ಮೇಲ್‌ನ ಪ್ರಿಂಟ್ ತಂದು ಮುಂದಿಟ್ಟರು. ಆ ಅಕೌಂಟಿಗೆ ಅಷ್ಟು ಅಧಿಕಾರ ಯಾಕೆ, ಕಡಿಮೆ ಮಾಡಿ ಎಂದು ಅವರೇ ವೆಂಡರ್‌ಗೆ ಬರೆದಿದ್ದರು. ಡೊಮೇನ್ ಅಡ್ಮಿನ್ ಇಲ್ಲದಿದ್ದರೆ ಬ್ಯಾಕಪ್ ನಡೆಯುವುದಿಲ್ಲ, ಆ ಹೊಣೆ ನಮ್ಮದಲ್ಲ ಎಂದು ವೆಂಡರ್ ಒಂದೇ ಸಾಲಿನಲ್ಲಿ ಉತ್ತರಿಸಿದ್ದ. ನಾನು ಆ ಪ್ರಿಂಟನ್ನು ವರದಿಯ ಅನುಬಂಧದಲ್ಲಿ ಸೇರಿಸುವುದಾಗಿ ಹೇಳಿದೆ. ಸೀನಿಯರ್ ಎಂಬ ಪದವಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ಥಟ್ಟನೆ ನೆನಪಾಗುವುದು ಈ ಅನುಬಂಧ. ಒಡೆಯುವುದನ್ನು ಹುಡುಗರು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಮರುದಿನ ಮಧ್ಯಾಹ್ನ ಹುಡುಗ ಪಿಸುದನಿಯಲ್ಲಿ, "ಅಕ್ಕ, ಇಲ್ನೋಡಿ, ಎಂಎಸ್17-010 ಓಪನ್ ಇದೆ!" ಎಂದ.

ಅದು ವಿಂಡೋಸಿನ ಒಂದು ದೊಡ್ಡ ದೋಷದ ಗುರುತು. ನಮ್ಮ ವೃತ್ತಿಯಲ್ಲಿ ಆ ಸಂಖ್ಯೆ ಕೇಳಿದರೆ ಕೈ ತುರಿಸುತ್ತದೆ. ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಪ್ಯಾಚ್ ಕೊಟ್ಟಿತು, ಏಪ್ರಿಲಿನಲ್ಲಿ ಎಟರ್ನಲ್‌ಬ್ಲೂ ಎಂಬ ಅಸ್ತ್ರ ಬೀದಿಗೆ ಬಿತ್ತು, ಮೇ 12ರಂದು ಅದರ ಮೇಲೆ ಸವಾರಿ ಮಾಡಿಕೊಂಡು, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಲೋಕ ಸುತ್ತಿತು. ಅಷ್ಟು ವರ್ಷಗಳ ನಂತರ ಇಲ್ಲಿ ಒಂದು ವಿಂಡೋಸ್ 7 ಮಷೀನು ಹಾಗೇ ಬಾಯಿ ತೆರೆದು ಕೂತಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದೇ 2020ರ ಜನವರಿ 14ರಂದು. ಆದರೆ ಐಪಿ ನೋಡಿದೆ, ಕೆಂಪು ಪಟ್ಟಿಯ ಮೂರರಲ್ಲಿ ಒಂದು. ಚೆಕ್ ಸ್ಕ್ಯಾನರಿಗೆ ಕಟ್ಟಿದ ಮಷೀನು. ಸ್ಕ್ಯಾನರಿನ ಡ್ರೈವರ್ ಹೊಸ ವಿಂಡೋಸಿನಲ್ಲಿ ನಡೆಯುವುದಿಲ್ಲವೆಂದು ಹಾಗೇ ಬಿಟ್ಟಿದ್ದರು. ಶಾಖೆಗಳಿಂದ ಬಂದ ಚೆಕ್ಕುಗಳ ಚಿತ್ರ ಕ್ಲಿಯರಿಂಗಿಗೆ ಹೋಗುವುದು ಅದರ ಮೂಲಕ.

"ಒಂದೇ ಒಂದ್ಸಲ ರನ್ ಮಾಡ್ಲಾ? ಶೆಲ್ ಸಿಕ್ರೆ ರಿಪೋರ್ಟ್‌ನಲ್ಲಿ ಎಷ್ಟ್ ಚೆನ್ನಾಗಿರುತ್ತೆ."

ಶೆಲ್ ಎಂದರೆ ಆ ಮಷೀನಿನೊಳಗೆ ಕೂತು ಆಜ್ಞೆ ಕೊಡುವ ಕಿಟಕಿ. ಬೇಡ ಎಂದೆ. ಆ ಎಕ್ಸ್‌ಪ್ಲಾಯ್ಟ್, ಅಂದರೆ ದೋಷ ಬಳಸಿ ನುಗ್ಗುವ ಕೋಡ್, ಕೆಲಸ ಮಾಡುವುದೇ ವಿಂಡೋಸಿನ ತಿರುಳಾದ ಕರ್ನಲ್‌ನ ಮೆಮೊರಿಯನ್ನು ಕೆಡಿಸಿ. ಲೆಕ್ಕ ಸ್ವಲ್ಪ ತಪ್ಪಿದರೂ ನೀಲಿ ಪರದೆ. ಲ್ಯಾಬಿನಲ್ಲಾದರೆ ರಿವರ್ಟ್ ಬಟನ್ ಒತ್ತಿ ಕಾಫಿ ಕುಡಿಯಬಹುದು. ಇಲ್ಲಿ ಆ ಮಷೀನು ಏಳದಿದ್ದರೆ ಯಾರದೋ ಮಗಳ ಕಾಲೇಜು ಫೀಸಿನ ಚೆಕ್ಕು, ಯಾವುದೋ ಅಂಗಡಿಯವನ ಪೇಮೆಂಟು ಅಲ್ಲೇ ನಿಲ್ಲುತ್ತದೆ.

"ತೋರಿಸ್ದೆ ಇದ್ರೆ ಕ್ಲೈಂಟ್ ನಂಬಲ್ಲ ಅಕ್ಕ."

"ಡೊಮೇನೇ ಕೈಲಿದೆ ಕಣೋ. ಅದಕ್ಕಿಂತ ಹೆಚ್ಚು ಇದ್ರಿಂದ ಏನು ಸಿಗುತ್ತೆ?"

ಅವನ ಬಳಿ ಉತ್ತರವಿರಲಿಲ್ಲ, ಆದರೆ ಸಮಾಧಾನವೂ ಇರಲಿಲ್ಲ. ಸಂಜೆಯ ತನಕ ಮಾತಾಡಲಿಲ್ಲ. ಆ ಸಿಟ್ಟು ನನಗೆ ಇಷ್ಟವಾಗುತ್ತದೆ, ಅದಿಲ್ಲದವರು ಈ ಕೆಲಸಕ್ಕೆ ಬರುವುದೇ ಇಲ್ಲ. ಪ್ಯಾಚ್ ಇದೆಯೋ ಇಲ್ಲವೋ ಎಂದಷ್ಟೇ ವಿಚಾರಿಸುವ ಸ್ಕ್ರಿಪ್ಟಿನ ಫಲಿತಾಂಶ ಹಾಕಿ, 'ಸೇವೆಗೆ ಅಡ್ಡಿಯಾಗುವ ಅಪಾಯವಿದ್ದುದರಿಂದ ಬಳಸಿ ನೋಡಿಲ್ಲ' ಎಂದು ಅವನ ಕೈಯಲ್ಲೇ ಬರೆಸಿದೆ. ವರದಿಯಲ್ಲಿ ಇಂಥ ವಾಕ್ಯ ಬರೆಯಲು ಹಿಂಜರಿಯುವವರನ್ನು ನೋಡಿದ್ದೇನೆ. ನನ್ನ ಪ್ರಕಾರ ಮಾಡದೆ ಬಿಟ್ಟದ್ದರ ಪಟ್ಟಿ ಮಾಡಿದ್ದರ ಪಟ್ಟಿಯಷ್ಟೇ ಸ್ಪಷ್ಟವಾಗಿರಬೇಕು.

ಪೋರ್ಟಲಿನ ಪರೀಕ್ಷೆ ಬೇರೆ ಜಾತಿಯದು. ಅಲ್ಲಿ ಸದ್ದುಗದ್ದಲವಿಲ್ಲ, ಬ್ರೌಸರ್ ಸರ್ವರಿಗೆ ಕಳಿಸುವ ಒಂದೊಂದೇ ವಿನಂತಿಯನ್ನು ಬರ್ಪ್ ಸೂಟ್ ಎಂಬ ಉಪಕರಣದಲ್ಲಿ ಹಿಡಿದು ಓದುತ್ತ ಕೂರುವುದು. ನಮಗೆ ಎರಡು ಪರೀಕ್ಷಾ ಸದಸ್ಯರ ಖಾತೆ ತೆರೆದುಕೊಡಲು ಮೊದಲೇ ಕೇಳಿದ್ದೆ. ಒಂದನೆಯ ಸದಸ್ಯರಾಗಿ ಲಾಗಿನ್ ಆಗಿ, ಸಾಲದ ಪಟ್ಟಿ ತರಿಸುವ ವಿನಂತಿಯಲ್ಲಿ ಖಾತೆ ಸಂಖ್ಯೆಯನ್ನು ಎರಡನೆಯವರದಕ್ಕೆ ಬದಲಿಸಿದರೆ ಎರಡನೆಯವರ ಪಟ್ಟಿ ಬಂತು. ಲಾಗಿನ್ ಆಗಿದ್ದೀರಾ ಎಂದು ಸರ್ವರ್ ಕೇಳುತ್ತದೆ, ಈ ಖಾತೆ ನಿಮ್ಮದೇ ಎಂದು ಕೇಳುವುದಿಲ್ಲ. ವೆಬ್ ಭದ್ರತೆಯ ಸಂಸ್ಥೆ ಒವಾಸ್ಪ್‌ನ 2021ರ ದೋಷಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಬಗೆಯ ದೋಷಕ್ಕೇ ಸಿಕ್ಕಿದ್ದು. ಸ್ಕ್ಯಾನರ್ ಇದನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಉತ್ತರ ಎಲ್ಲ ರೀತಿಯಿಂದಲೂ ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ಅದನ್ನು ನೋಡುತ್ತಿರುವ ವ್ಯಕ್ತಿ ಮಾತ್ರ. ಖಾತೆ ಸಂಖ್ಯೆಗಳು ಒಂದರ ಹಿಂದೊಂದು ಬರುವಂಥವು. ಇನ್ನೊಂದು ಅಂಕಿ ಬದಲಿಸಿದ್ದರೆ ನಿಜವಾದ ಯಾರೋ ಸದಸ್ಯರ ಸಾಲದ ಕಥೆ ತೆರೆಯುತ್ತಿತ್ತು. ಅದನ್ನು ಮಾಡಲಿಲ್ಲ, ಎರಡು ಪರೀಕ್ಷಾ ಖಾತೆಗಳಿಗೇ ಸಾಬೀತು ಆಗಿತ್ತು.

ಓಟಿಪಿ ನಾಲ್ಕಂಕಿಯದು, ತಪ್ಪು ಹಾಕಿದರೆ ಲೆಕ್ಕವೇ ಇಡುತ್ತಿರಲಿಲ್ಲ. ನಾಲ್ಕಂಕಿ ಎಂದರೆ 10,000 ಸಾಧ್ಯತೆ, ಯಂತ್ರಕ್ಕೆ ಅದು ಏನೂ ಅಲ್ಲ.

ವರದಿ ಬರೆಯುವುದನ್ನು ಯಾರೂ ಇಷ್ಟಪಡುವುದಿಲ್ಲ, ನಾನು ಇಷ್ಟಪಡುತ್ತೇನೆ. ಲಾಡ್ಜಿನಲ್ಲಿ ಕೂತು ಬರೆದ ಕರಡಿನ ಮೇಲೆ ವೆಂಡರ್, ಜಿ.ಎಂ., ನಾವು ಸೇರಿ ಒಂದು ಕರೆ ಮಾಡಿದೆವು. ಪೋರ್ಟಲ್ ಮಾಡಿದವರೂ ಅದೇ ವೆಂಡರ್. ಅವರ ಪ್ರತಿನಿಧಿಯದು ಒಂದೇ ಮಂತ್ರ, ಅದು ಒಳಗಿನ ನೆಟ್‌ವರ್ಕ್ ತಾನೆ, ಹೊರಗಿನವರು ಹೇಗೆ ಬರುತ್ತಾರೆ. ಜಿ.ಎಂ. ಅವರದು ಬೇರೆ ಚಿಂತೆ. ರಿಸರ್ವ್ ಬ್ಯಾಂಕಿನ ತಪಾಸಣೆ ಹತ್ತಿರವಿತ್ತು, 'ಹೈ' ಎಂದಿರುವುದನ್ನು 'ಮೀಡಿಯಂ' ಮಾಡಲಾದೀತೇ ಎಂದು ಬಹಳ ಸೌಜನ್ಯದಿಂದ ಕೇಳಿದರು. ದೋಷದ ತೀವ್ರತೆ ಅಳೆಯುವ ಸಿವಿಎಸ್‌ಎಸ್ ಅಂಕವನ್ನು ನಾನು ಬದಲಿಸಲಾರೆ, ಆದರೆ ತಪಾಸಣೆಗೆ ಮುಂಚೆ ನೀವು ಏನೇನು ಸರಿಮಾಡಿದಿರಿ ಎಂದು ತಾರೀಖು ಸಮೇತ ಅದೇ ವರದಿಯಲ್ಲಿ ಬರೆಯಬಲ್ಲೆ, ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದೆ. ಸ್ವಲ್ಪ ಯೋಚಿಸಿ ಒಪ್ಪಿದರು. ಆಮೇಲೆ, ಇಂಗ್ಲಿಷ್ ವರದಿ ಆಡಳಿತ ಮಂಡಳಿಯಲ್ಲಿ ಯಾರೂ ಓದುವುದಿಲ್ಲ, ನೀವೇ ಬಂದು ಕನ್ನಡದಲ್ಲಿ ಹೇಳಿಬಿಡಿ ಎಂದರು.

ಮಂಡಳಿ ಎಂದರೆ ಚುನಾಯಿತ ನಿರ್ದೇಶಕರು. ಹತ್ತಿ ವ್ಯಾಪಾರಿಗಳು, ವಕೀಲರು, ಒಬ್ಬ ಡಾಕ್ಟರು, ಒಬ್ಬ ನಿವೃತ್ತ ಹೆಡ್‌ಮಾಸ್ತರು. ಮೇಜಿನ ಕೊನೆಯಲ್ಲಿ ಐಟಿ ಮ್ಯಾನೇಜರ್, ಮುಂದೆ ಯಾರೂ ಮುಟ್ಟದ ಚುರುಮುರಿಯ ತಟ್ಟೆ. ನಾನು ಹತ್ತು ನಿಮಿಷ ಮಾತಾಡಿದ ಮೇಲೆ ಅತ್ಯಂತ ಹಿರಿಯ ನಿರ್ದೇಶಕರು ಕೈ ಎತ್ತಿದರು.

"ತಂಗೀ, ನೀ ಹೇಳಿದ್ದು ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ರೊಕ್ಕ ಹೋಗ್ತೈತೋ ಇಲ್ಲೋ, ಅಷ್ಟ ಹೇಳು."

ನನಗೆ ಬಂದ ಪ್ರಶ್ನೆಗಳಲ್ಲಿ ಅದಕ್ಕಿಂತ ಒಳ್ಳೆಯದು ಕಡಿಮೆ. ಹೌದೆಂದರೆ ಗಾಬರಿ ಹುಟ್ಟಿಸಿದಂತೆ, ಇಲ್ಲವೆಂದರೆ ಸುಳ್ಳು. ಹೀಗೆ ಹೇಳಿದೆ: ಹಣದ ಲೆಕ್ಕ ಇರುವುದು ವೆಂಡರ್‌ನ ಸರ್ವರಿನಲ್ಲಿ, ಅದನ್ನು ನಾವು ಪರೀಕ್ಷೆ ಮಾಡಿಲ್ಲ. ಆದರೆ ಆ ಲೆಕ್ಕಕ್ಕೆ ಎಂಟ್ರಿ ಹಾಕುವವರು, ಅದನ್ನು ಪಾಸ್ ಮಾಡುವ ಅಧಿಕಾರಿಗಳು ಕೂತಿರುವುದು ಈ ಕಟ್ಟಡದ ಪಿಸಿಗಳ ಮುಂದೆ. ಒಬ್ಬರು ಬರೆಯಬೇಕು, ಇನ್ನೊಬ್ಬರು ಒಪ್ಪಬೇಕು ಎಂಬ ಮೇಕರ್-ಚೆಕರ್ ನಿಯಮದ ಮೇಲೆ ನಿಮ್ಮ ಬ್ಯಾಂಕು ನಿಂತಿದೆ. ಸ್ಟ್ರಾಂಗ್‌ರೂಮಿನ ಎರಡು ಕೀಲಿಗಳನ್ನು ಇಬ್ಬರು ಅಧಿಕಾರಿಗಳ ಕೈಗೆ ಕೊಟ್ಟಂತೆ ಅದು. ನಾವು ಹಿಡಿದ ಬ್ಯಾಕಪ್ ಅಕೌಂಟ್ ಯಾರ ಕೈಗೆ ಸಿಕ್ಕರೂ ಅವರು ಇಬ್ಬರ ಪಿಸಿಯಲ್ಲೂ ಕೂರಬಹುದು.

ಕೋಣೆಯಲ್ಲಿ ಸದ್ದಡಗಿತು. ವಕೀಲರು, "ಪುಣೆದಾಗ ಕಾಸ್ಮಾಸ್ ಬ್ಯಾಂಕಿನಾಗ ಆದಂಗೇನ್ರಿ?" ಎಂದರು. 2018ರ ಆಗಸ್ಟಿನಲ್ಲಿ ಆ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ಹೋಗಿತ್ತು, 28 ದೇಶಗಳ ಎಟಿಎಂಗಳಲ್ಲಿ ನಕಲಿ ಕಾರ್ಡಿನಿಂದ ಹಣ ತೆಗೆದಿದ್ದರು. ಸಹಕಾರಿ ವಲಯದವರು ಅದನ್ನು ಮರೆತಿಲ್ಲ. ಅಲ್ಲಿಯ ದಾರಿ ಎಟಿಎಂ ಸ್ವಿಚ್ಚಿನದು, ಅಂದರೆ ಎಟಿಎಂ ವ್ಯವಹಾರಗಳನ್ನು ಒಪ್ಪಿಸುವ ಸರ್ವರಿನದು, ನಿಮ್ಮ ಸ್ವಿಚ್ಚು ನಮ್ಮ ಪರೀಕ್ಷೆಯಲ್ಲಿ ಇರಲಿಲ್ಲ, ಹಾಗಾಗಿ ಅದರ ಬಗ್ಗೆ ನಾನು ಏನೂ ಹೇಳುವಂತಿಲ್ಲ ಎಂದೆ.

ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು. "ಇದಕ್ಕ ಯಾರ್ ಹೊಣಿ?" ಎಲ್ಲರ ಕಣ್ಣು ಮೇಜಿನ ಕೊನೆಗೆ ಹೋಯಿತು. ನಾನು ಅನುಬಂಧ ತೆರೆದು ಆ ಮೇಲ್ ಓದಿದೆ, ವೆಂಡರ್‌ನ ಒಂದು ಸಾಲಿನ ಉತ್ತರವನ್ನೂ ಓದಿದೆ. ಇಷ್ಟು ಶಾಖೆಗೆ ಒಬ್ಬರೇ ಇದ್ದಾರೆ, ಅವರು ರಜೆ ಹಾಕಿದ ದಿನ ಫೋನ್ ಎತ್ತುವವರು ಯಾರು ಎಂದು ಕೇಳಿದೆ. ಹೆಡ್‌ಮಾಸ್ತರು ಕನ್ನಡಕ ತೆಗೆದು, "ಖರ್ಚು ಎಷ್ಟಾಗ್ತೈತಿ ಅಂತ ಹೇಳ್ರಿ" ಎಂದರು. ಹೆಚ್ಚಿನವಕ್ಕೆ ಖರ್ಚೇ ಇಲ್ಲ. ಎಲ್‌ಎಲ್‌ಎಂಎನ್‌ಆರ್ ಆರಿಸುವುದು ಗ್ರೂಪ್ ಪಾಲಿಸಿಯಲ್ಲಿ ಒಂದು ಬದಲಾವಣೆ. ಪ್ರತಿ ಪಿಸಿಯ ಅಡ್ಮಿನ್ ಪಾಸ್‌ವರ್ಡನ್ನು ಬೇರೆಬೇರೆ ಮಾಡುವ ಲ್ಯಾಪ್ಸ್ ಅನ್ನು ಮೈಕ್ರೋಸಾಫ್ಟ್ ಪುಕ್ಕಟೆ ಕೊಡುತ್ತದೆ. ಸರ್ವಿಸ್ ಅಕೌಂಟಿಗೆ ಉದ್ದನೆಯ ಪಾಸ್‌ವರ್ಡ್ ಇಡಲು ದುಡ್ಡು ಬೇಡ. ದುಡ್ಡು ಬೇಕಾದದ್ದು ಹೊಸ ಚೆಕ್ ಸ್ಕ್ಯಾನರಿಗೆ ಮತ್ತು ಐಟಿಗೆ ಎರಡನೆಯ ಒಬ್ಬ ಮನುಷ್ಯನಿಗೆ. ಎರಡಕ್ಕೂ ಅಂದೇ ಠರಾವು ಆಯಿತು. ಈ ಭಾಗ ಯಾವ ಸರ್ಟಿಫಿಕೇಷನ್ನಿನ ಪಠ್ಯದಲ್ಲೂ ನನಗೆ ಕಂಡಿಲ್ಲ.

ಕೆಲವು ವಾರಗಳ ನಂತರ ಮರುಪರೀಕ್ಷೆಗೆ ಹೋದಾಗ ಎಲ್‌ಎಲ್‌ಎಂಎನ್‌ಆರ್ ಸದ್ದು ಪೂರ್ತಿ ನಿಂತಿತ್ತು. ವಿಂಡೋಸ್ 7 ಮಷೀನು ಇನ್ನೂ ಇತ್ತು, ಆದರೆ ಅದನ್ನು ಬೇರೆ ವಿಎಲ್ಯಾನ್‌ಗೆ ಹಾಕಿ, ಕ್ಲಿಯರಿಂಗ್ ಸರ್ವರ್ ಬಿಟ್ಟು ಬೇರೆ ಯಾವುದರ ಜೊತೆಯೂ ಮಾತಾಡದಂತೆ ಮಾಡಿದ್ದರು, ಸ್ಕ್ಯಾನರಿನ ಟೆಂಡರು ನಡೆಯುತ್ತಿತ್ತು. ಓಟಿಪಿ ಆರಂಕಿ ಆಗಿತ್ತು, ಐದು ಸಲ ತಪ್ಪಿದರೆ ಬಾಗಿಲು ಹಾಕುತ್ತಿತ್ತು.

ವೆಂಡರ್ ಮಾತ್ರ ವೆಂಡರ್‌ನಂತೆಯೇ ಇದ್ದ. ಬ್ಯಾಕಪ್ ಅಕೌಂಟನ್ನು ಡೊಮೇನ್ ಅಡ್ಮಿನ್ ಗುಂಪಿನಿಂದ ತೆಗೆದು ಬ್ಯಾಕಪ್ ಆಪರೇಟರ್ಸ್ ಗುಂಪಿಗೆ ಹಾಕಿದ್ದ. ಹೆಸರು ಸಾಧು, ಆದರೆ ಆ ಗುಂಪಿನವರು ಡೊಮೇನ್ ಕಂಟ್ರೋಲರಿನ ಡೈರೆಕ್ಟರಿ ಫೈಲನ್ನೇ ಬ್ಯಾಕಪ್ ಎಂದು ಹೇಳಿ ಎತ್ತಿಕೊಂಡು ಹೋಗಬಹುದು, ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದಂತಾಯಿತು. ಪೋರ್ಟಲಿನಲ್ಲಿ ಖಾತೆ ಸಂಖ್ಯೆಯನ್ನು ಬೇಸ್64 ಎಂಬ, ಕೀಲಿಯಿಲ್ಲದೆ ಯಾರು ಬೇಕಾದರೂ ಬಿಚ್ಚಬಹುದಾದ ರೂಪಕ್ಕೆ ತಿರುಗಿಸಿ ಕಳಿಸುತ್ತಿದ್ದರು, 'ಈಗ ಎನ್‌ಕ್ರಿಪ್ಟ್ ಆಗಿದೆ' ಎಂಬ ಟಿಪ್ಪಣಿ ಬೇರೆ. ಮಂಡ್ಯದ ಹುಡುಗ ಅದನ್ನು ಬಿಚ್ಚಿ, ಎರಡನೆಯ ಪರೀಕ್ಷಾ ಸದಸ್ಯರ ಸಂಖ್ಯೆ ಹಾಕಿ, ಮತ್ತೆ ಕಟ್ಟಿ ಕಳಿಸಿದ. ಪಟ್ಟಿ ಬಂತು. ಎರಡನ್ನೂ 'ಸರಿಯಾಗಿಲ್ಲ' ಎಂದು ಬರೆದೆವು. ಮುಂದಿನ ಸುತ್ತಿನಲ್ಲಿ ಅಕೌಂಟಿಗೆ ಬೇಕಾದ ಸರ್ವರುಗಳ ಮೇಲಷ್ಟೇ ಅಧಿಕಾರ ಕೊಟ್ಟರು, ಪೋರ್ಟಲ್ ಕೂಡ ಖಾತೆ ಯಾರದ್ದೆಂದು ವಿಚಾರಿಸತೊಡಗಿತು.

ಕೊನೆಯ ಪತ್ರದಲ್ಲಿ 'ಬ್ಯಾಂಕಿನ ವ್ಯವಸ್ಥೆ ಸಂಪೂರ್ಣ ಸುರಕ್ಷಿತ' ಎಂಬ ಸಾಲು ಬೇಕೆಂದು ಜಿ.ಎಂ. ಕಚೇರಿಯಿಂದ ಕೇಳಿದರು. ಇಂತಿಂಥ ತಾರೀಖಿನಲ್ಲಿ ಇಂತಿಂಥದ್ದನ್ನು ಪರೀಕ್ಷಿಸಿದೆವು, ಇಷ್ಟು ಮುಚ್ಚಿದೆ, ಚೆಕ್ ಸ್ಕ್ಯಾನರಿನ ಮಷೀನು ತೆರೆದಿದೆ ಎಂದು ಬರೆದು ಕಳಿಸಿದೆ. ಅಷ್ಟಕ್ಕೇ ಒಪ್ಪಿಕೊಂಡರು.

ಆಮೇಲೆ ಒಮ್ಮೆ ಐಟಿ ಮ್ಯಾನೇಜರ್ ಫೋನ್ ಮಾಡಿದ್ದರು. "ಮೇಡಂರ, ಹೊಸಾ ಹುಡುಗ ಬಂದಾನ್ರಿ. ಅವಂಗ ಮೊದಲ ಏನ್ ಕಲಸ್ಲಿ?"

ಬ್ಯಾಕಪ್ ತೆಗೆಯೋದು ನಡೀತಾ ಇದೆ, ಅದನ್ನ ಬೇರೆ ಮಷೀನಿಗೆ ವಾಪಸ್ ಹಾಕಿ ಏಳುತ್ತಾ ಅಂತ ನೋಡೋದು ಕಲಿಸಿ ಎಂದೆ.

"ಅದನ್ನ ನಾನೂ ಒಮ್ಮೆನೂ ಮಾಡಿ ನೋಡಿಲ್ರಿ," ಎಂದು ನಕ್ಕರು. "ಈ ರವಿವಾರ ಇಬ್ರೂ ಕೂಡೇ ಮಾಡ್ತೀವಿ ತಗೋರಿ."